ಅಡಿಕೆಗೆ ಹೋದ ಮಾನ: ಪಿಆರ್ ಕೆಲಸಕ್ಕೆ ಹೊರಟವರಿಗೆ ಒಂದಿಷ್ಟು ಮಾತು

ಮದುವೆ ಮನೆಯಲ್ಲಿ ಯಾರಾದರೂ "ಏನ್ ಕೆಲಸ ಮಾಡ್ತಿದೀಯಮ್ಮಾ?" ಅಂತ ಕೇಳಿದಾಗ "ಸಾಫ್ಟ್‌ವೇರ್" ಅಂದರೆ ಸಾಕು, ಮುಂದಿನ ಪ್ರಶ್ನೆ ಸಂಬಳದ್ದು. "ಬ್ಯಾಂಕು" ಅಂದರೆ ಯಾವ ಬ್ರಾಂಚು ಅಂತಾರೆ. "ಪಿಆರ್" ಅಂದು ನೋಡಿ! ಒಂದು ಕ್ಷಣ ಸುಮ್ಮನಾಗಿ, "ಓ, ಪೇಪರ್‌ನಲ್ಲಿ ನ್ಯೂಸ್ ಹಾಕ್ಸೋದಾ?" ಅಂತ ಒಬ್ಬರು, "ಈವೆಂಟ್ ಮ್ಯಾನೇಜ್‌ಮೆಂಟಾ?" ಅಂತ ಇನ್ನೊಬ್ಬರು. ಸ್ವಲ್ಪ ಹಿರಿಯರಾದರೆ, "ಪಿಆರ್‌ಓ ಅಂತ ಇರ್ತಾರಲ್ಲ, ದೊಡ್ಡೋರು ಬಂದಾಗ ಹೂಗುಚ್ಛ ಹಿಡ್ಕೊಂಡು ಓಡಾಡ್ತಾರಲ್ಲ, ಅದೇ ತಾನೆ?"

ಮೂರೂ ಪೂರ್ತಿ ಸುಳ್ಳಲ್ಲ. ಸುದ್ದಿ ಕಳಿಸುವುದು, ಕಾರ್ಯಕ್ರಮ ನಡೆಸುವುದು, ಬಂದವರನ್ನು ನೋಡಿಕೊಳ್ಳುವುದು ಎಲ್ಲವೂ ಈ ಕೆಲಸದಲ್ಲಿ ಇವೆ. ಆದರೆ ಇವೆಲ್ಲ ಹೊರಗೆ ಕಾಣುವ ಭಾಗ. ಕಾಣದ ಭಾಗವೇ ನಿಜವಾದ ಕೆಲಸ. ಜರ್ನಲಿಸಂ, ಬಿಬಿಎ, ಎಂಬಿಎ ಮುಗಿಸಿ ಕಾರ್ಪೊರೇಟ್ ಕಮ್ಯುನಿಕೇಶನ್ ಕಡೆ ಮುಖ ಮಾಡಿರುವ ಹುಡುಗ ಹುಡುಗಿಯರು ಈಚೆಗೆ ಮೆಸೇಜ್ ಮಾಡಿ ಕೇಳುತ್ತಲೇ ಇದ್ದಾರೆ: "ಮೇಡಂ, ಇದರಲ್ಲಿ ಏನ್ ಮಾಡ್ಬೇಕು? ನಮಗೆ ಆಗುತ್ತಾ?" ಹಲವು ವರ್ಷ ಇದೇ ಕೆಲಸದಲ್ಲಿ ಇದ್ದವಳಾಗಿ ಈ ವಾರದ ಅಂಕಣ ಅವರಿಗೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ಕೆಲಸದಲ್ಲಿ ನಿಮ್ಮ ಬಂಡವಾಳ ಇಂಗ್ಲಿಷೂ ಅಲ್ಲ, ಡ್ರೆಸ್ಸೂ ಅಲ್ಲ, ಪರಿಚಯಸ್ಥರ ಪಟ್ಟಿಯೂ ಅಲ್ಲ. "ಅವಳು ಹೇಳಿದರೆ ಸರಿ ಇರುತ್ತೆ" ಅಂತ ನಾಲ್ಕು ಜನ ನಂಬುವುದೇ ಬಂಡವಾಳ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಪಿಆರ್ ಪಠ್ಯಪುಸ್ತಕದ ಮೊದಲ ಪಾಠವೂ ಅದೇ, ಕೊನೆಯ ಪಾಠವೂ ಅದೇ.

ಕೊಂಡ ಜಾಗ, ಗಳಿಸಿದ ಜಾಗ

ಜಾಹೀರಾತಿಗೂ ಪಿಆರ್‌ಗೂ ವ್ಯತ್ಯಾಸ ಏನು? ಇಂಟರ್‌ವ್ಯೂನಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ. ಪತ್ರಿಕೆಯಲ್ಲಿ ಅರ್ಧ ಪುಟಕ್ಕೆ ದುಡ್ಡು ಕೊಟ್ಟು ನಮಗೆ ಬೇಕಾದ್ದನ್ನು ಬರೆಸಿದರೆ ಜಾಹೀರಾತು. ಅಲ್ಲಿ ಅಕ್ಷರ ನಮ್ಮದು, ಓದುಗರ ಅನುಮಾನವೂ ನಮ್ಮ ಪಾಲಿಗೆ. ವರದಿಗಾರರೊಬ್ಬರು "ಇದರಲ್ಲಿ ಸುದ್ದಿ ಇದೆ" ಅಂತ ತಾವೇ ತೀರ್ಮಾನಿಸಿ ಬರೆದರೆ ಅದು ಗಳಿಸಿದ ಜಾಗ. ಅಲ್ಲಿ ಒಂದು ರೂಪಾಯಿ ಖರ್ಚಿಲ್ಲ, ಒಂದು ಅಕ್ಷರದ ಮೇಲೂ ಹಿಡಿತವಿಲ್ಲ. ನಮ್ಮ ವೆಬ್‌ಸೈಟು, ಲಿಂಕ್ಡ್‌ಇನ್ ಪುಟ, ಮನೆಪತ್ರಿಕೆ ಇವು ಸ್ವಂತ ಜಾಗ. ಈ ಮೂರನ್ನೂ ಬೆರೆಸದೆ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಕೋರ್ಸ್ ಮುಗಿದ ಹಾಗೆ.

ಕಾರ್ಪೊರೇಟ್ ಕಮ್ಯುನಿಕೇಶನ್ ಅಂದರೆ ಇನ್ನೂ ದೊಡ್ಡ ಛತ್ರಿ. ಪತ್ರಕರ್ತರು ಅದರಡಿ ಒಂದು ಗುಂಪು ಅಷ್ಟೆ. ನೌಕರರು, ಷೇರುದಾರರು, ಗ್ರಾಹಕರು, ಸರ್ಕಾರಿ ಇಲಾಖೆಗಳು, ಕಾರ್ಖಾನೆಯ ಕಾಂಪೌಂಡಿನ ಆಚೆ ಮನೆ ಮಾಡಿಕೊಂಡಿರುವ ಊರಿನವರು, ಎಲ್ಲರ ಜೊತೆಗೂ ಕಂಪನಿ ಮಾತಾಡಬೇಕು. ಒಬ್ಬರಿಗೊಂದು ಮಾತು, ಇನ್ನೊಬ್ಬರಿಗೊಂದು ಮಾತು ಆಗಕೂಡದು. ಷೇರುದಾರರಿಗೆ "ಲಾಭ ಜೋರಾಗಿದೆ" ಅಂತಲೂ ನೌಕರರಿಗೆ "ಪರಿಸ್ಥಿತಿ ಸರಿ ಇಲ್ಲ, ಇನ್‌ಕ್ರಿಮೆಂಟ್ ಇಲ್ಲ" ಅಂತಲೂ ಒಂದೇ ವಾರದಲ್ಲಿ ಬರೆದರೆ, ಎರಡೂ ಸ್ಕ್ರೀನ್‌ಶಾಟ್ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳೋಕೆ ಅರ್ಧ ಗಂಟೆ ಸಾಕು.

ಸರ್ಕಾರವೂ ಇದೇ ಕೆಲಸ ಮಾಡುತ್ತದೆ. ನಮ್ಮ ರಾಜ್ಯದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಜಿಲ್ಲೆ ಜಿಲ್ಲೆಯಲ್ಲೂ ಕಚೇರಿ ಇದೆ. 'ಜನಪದ', 'ಮಾರ್ಚ್ ಆಫ್ ಕರ್ನಾಟಕ' ಆ ಇಲಾಖೆಯ ಪ್ರಕಟಣೆಗಳೇ. ಖಾಸಗಿ ಕಂಪನಿ ಮಾತ್ರವಲ್ಲ, ಆಸ್ಪತ್ರೆ, ವಿಶ್ವವಿದ್ಯಾಲಯ, ಮೆಟ್ರೊ, ವಿದ್ಯುತ್ ಕಂಪನಿ, ಎಲ್ಲ ಕಡೆಯೂ ಈ ಕೆಲಸಕ್ಕೆ ಜನ ಬೇಕು.

ಎರಡು ಬೇರು

ಈ ವೃತ್ತಿಗೆ ಎರಡು ಬೇರುಗಳಿವೆ. ಎರಡನ್ನೂ ತಿಳಿದುಕೊಂಡರೆ ನಿಮ್ಮ ಮುಂದೆ ಯಾವ ಯಾವ ದಾರಿ ಇದೆ ಅನ್ನೋದು ಸ್ಪಷ್ಟವಾಗುತ್ತದೆ.

1906ರ ಅಕ್ಟೋಬರ್ 28. ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ 50ಕ್ಕೂ ಹೆಚ್ಚು ಜನ ಸತ್ತರು. ಅಂಥ ಅಪಘಾತ ಆದಾಗ ಬಾಯಿ ಮುಚ್ಚಿಕೊಂಡಿರುವುದು ಆ ಕಾಲದ ರೈಲ್ವೆ ಕಂಪನಿಗಳ ಪದ್ಧತಿ. ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಸಲಹೆಗಾರರಾಗಿದ್ದ, ಹಿಂದೆ ಸ್ವತಃ ಪತ್ರಕರ್ತರಾಗಿದ್ದ ಐವಿ ಲೀ ಅದನ್ನು ಮುರಿದರು. ಏನಾಯಿತು ಅಂತ ಕಂಪನಿಯ ಕಡೆಯಿಂದಲೇ ಬರೆದು ಪತ್ರಿಕೆಗಳಿಗೆ ಹಂಚಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೇ ಅಚ್ಚು ಹಾಕಿತು. ಪತ್ರಿಕಾ ಪ್ರಕಟಣೆ ಅನ್ನುವ ವಸ್ತುವಿನ ಹುಟ್ಟು ಅಲ್ಲಿಂದ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಬಾಗಿಲು ಮುಚ್ಚಿಟ್ಟರೆ ಊಹಾಪೋಹ ಕಿಟಕಿಯಲ್ಲಿ ನುಗ್ಗುತ್ತದೆ, ಆದ್ದರಿಂದ ಬಾಗಿಲನ್ನೇ ತೆಗೆಯಿರಿ ಅನ್ನೋದು ಈ ಬೇರು.

ಇನ್ನೊಂದು ಬೇರು ಎಡ್ವರ್ಡ್ ಬರ್ನೇಸ್ ಅವರದು. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್‌ಗೆ ಸೋದರಳಿಯ. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಕೆಲವು ಹೆಣ್ಣುಮಕ್ಕಳು ಸಿಗರೇಟ್ ಹಚ್ಚಿಕೊಂಡು ನಡೆದರು. ಹೆಂಗಸರು ಬೀದಿಯಲ್ಲಿ ಸಿಗರೇಟ್ ಸೇದಿದರೆ ಜನ ಮುಖ ಸಿಂಡರಿಸುತ್ತಿದ್ದ ಕಾಲ ಅದು. ಇವು 'ಸ್ವಾತಂತ್ರ್ಯದ ಪಂಜುಗಳು' ಅಂತ ಸುದ್ದಿಯಾಯಿತು. ನೋಡಿದವರಿಗೆ ಅದು ಸಮಾನತೆಯ ಹೋರಾಟ. ಹಿಂದೆ ನಿಂತು ಯೋಜನೆ ಹಾಕಿದ್ದು ಬರ್ನೇಸ್. ಅವರಿಗೆ ದುಡ್ಡು ಕೊಟ್ಟಿದ್ದು ಲಕ್ಕಿ ಸ್ಟ್ರೈಕ್ ಸಿಗರೇಟಿನ ಅಮೆರಿಕನ್ ಟೊಬ್ಯಾಕೊ ಕಂಪನಿ. ಚತುರತೆಗೆ ನೂರಕ್ಕೆ ನೂರು ಅಂಕ. ಆದರೆ ಯಾರು ಮಾತಾಡುತ್ತಿದ್ದಾರೆ ಅನ್ನೋದನ್ನು ಮುಚ್ಚಿಟ್ಟೇ ಅದು ಗೆದ್ದದ್ದು.

ಹಾಗಂತ ಐವಿ ಲೀ ದೇವರು, ಬರ್ನೇಸ್ ರಾಕ್ಷಸ ಅಂತ ಗೆರೆ ಹೊಡೆಯಬೇಡಿ. 1914ರಲ್ಲಿ ಕೊಲೊರಾಡೊದ ಲಡ್ಲೋದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿಯಾಗಿ ಹೆಂಗಸರು ಮಕ್ಕಳೂ ಸತ್ತರು. ಆಮೇಲೆ ಗಣಿ ಮಾಲೀಕ ರಾಕ್‌ಫೆಲ್ಲರ್ ಕುಟುಂಬದ ಪರವಾಗಿ ಕರಪತ್ರ ಹೊರಡಿಸಿದವರು ಇದೇ ಲೀ. ಅದರಲ್ಲಿ ಕಾರ್ಮಿಕ ನಾಯಕರ ಸಂಬಳದ ಬಗ್ಗೆ ಕೊಟ್ಟ ಅಂಕಿಗಳು ತಪ್ಪಾಗಿದ್ದವು, ಬಹಳ ಹೆಚ್ಚಾಗಿ ತೋರಿಸಿದ್ದವು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವರಿಗೆ 'ವಿಷದ ಐವಿ' ಅಂತ ಹೆಸರಿಟ್ಟರು. ಬಾಗಿಲು ತೆಗೆಸಿದವರಿಗೂ ಒಂದು ತಪ್ಪು ಅಂಕಿ ಅಂಟಿಕೊಂಡೇ ಉಳಿಯಿತು, ನೋಡಿ.

ಭಾರತದಲ್ಲಿ ಈ ವೃತ್ತಿಯವರ ಸಂಘ, ಪಬ್ಲಿಕ್ ರಿಲೇಶನ್ಸ್ ಸೊಸೈಟಿ ಆಫ್ ಇಂಡಿಯಾ, ಶುರುವಾದದ್ದು 1958ರಲ್ಲಿ. ಏಪ್ರಿಲ್ 21ನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ ಅಂತ ಆಚರಿಸುತ್ತಾರೆ. 1968ರಲ್ಲಿ ಅದೇ ದಿನ ದೆಹಲಿಯಲ್ಲಿ ಮೊದಲ ಅಖಿಲ ಭಾರತ ಸಮ್ಮೇಳನ ನಡೆದಿತ್ತು. ಇದೂ ಇಂಟರ್‌ವ್ಯೂಗೆ ಆಗುತ್ತೆ, ಬರೆದಿಟ್ಟುಕೊಳ್ಳಿ.

ಮೊದಲ ವರ್ಷ ಏನು ಮಾಡ್ತೀರಿ?

ಫ್ರೆಶರ್ ಆಗಿ ಸೇರಿದರೆ ದಿನ ಶುರುವಾಗೋದು ಪತ್ರಿಕೆ ಓದುವುದರಿಂದ. ಕಂಪನಿಯ ಬಗ್ಗೆ, ಪ್ರತಿಸ್ಪರ್ಧಿಗಳ ಬಗ್ಗೆ, ಆ ಉದ್ಯಮದ ಬಗ್ಗೆ ಎಲ್ಲಿ ಏನು ಬಂದಿದೆ ಅಂತ ಹುಡುಕಿ ಒಂಬತ್ತು ಗಂಟೆಯೊಳಗೆ ಮೇಲಿನವರಿಗೆ ಕಳಿಸಬೇಕು. ಸಾಫ್ಟ್‌ವೇರ್ ಹುಡುಕಿಕೊಡುತ್ತದೆ ನಿಜ. ಆದರೆ ಜಿಲ್ಲಾ ಆವೃತ್ತಿಯ ಮೂರನೇ ಪುಟದ ಮೂಲೆಯಲ್ಲಿ "ಕಾರ್ಖಾನೆ ಲಾರಿಗಳಿಂದ ರಸ್ತೆ ಹಾಳು: ಗ್ರಾಮಸ್ಥರ ಆಕ್ರೋಶ" ಅಂತ ಬಂದ ಎರಡು ಕಾಲಂ ಸುದ್ದಿಯ ತೂಕ ಅದಕ್ಕೆ ಗೊತ್ತಾಗಲ್ಲ. ಕನ್ನಡ ಓದಬಲ್ಲ ನಿಮಗೆ ಗೊತ್ತಾಗುತ್ತದೆ.

ಎರಡನೇ ಕೆಲಸ ಪತ್ರಿಕಾ ಪ್ರಕಟಣೆ ಬರೆಯುವುದು. ಅದರ ಮೈಕಟ್ಟು ಸರಳ. ಮೇಲೆ ತಲೆಬರಹ, ಊರು, ದಿನಾಂಕ. ಮೊದಲ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ಎರಡನೆಯದರಲ್ಲಿ ಅಂಕಿ ಅಂಶ. ಆಮೇಲೆ ಜವಾಬ್ದಾರಿ ಸ್ಥಾನದಲ್ಲಿರುವ ಒಬ್ಬರ ಹೇಳಿಕೆ. ಕೊನೆಗೆ ಕಂಪನಿಯ ಪರಿಚಯ ಮೂರು ಸಾಲು, ಸಂಪರ್ಕಕ್ಕೆ ನಿಮ್ಮ ಹೆಸರು, ನಂಬರು. ವರದಿಗಾರರು ಫೋನ್ ಮಾಡಿದರೆ ಎತ್ತಬೇಕು. ಎತ್ತದಿದ್ದರೆ ಆ ನಂಬರು ಯಾಕೆ ಬೇಕು?

ಕನ್ನಡ ಪ್ರಕಟಣೆಗಳ ಸ್ಥಿತಿ ಮಾತ್ರ ಅಯ್ಯೋ ಪಾಪ ಅನ್ನುವ ಹಾಗಿರುತ್ತದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಯಂತ್ರಕ್ಕೋ ಅವಸರದ ಅನುವಾದಕರಿಗೋ ಕೊಟ್ಟು ಕಳಿಸಿಬಿಡುತ್ತಾರೆ. ಹೀಗೆ ಬರುತ್ತದೆ:

"ಸಮುದಾಯ ಸಬಲೀಕರಣದೆಡೆಗಿನ ತನ್ನ ಅಚಲ ಬದ್ಧತೆಯ ಭಾಗವಾಗಿ, ಮುಂಚೂಣಿಯ ಸಂಸ್ಥೆಯು ಸಮಗ್ರ ನೈರ್ಮಲ್ಯ ಪರಿಹಾರಗಳನ್ನು ಅನಾವರಣಗೊಳಿಸಲು ರೋಮಾಂಚನಗೊಂಡಿದೆ."

ಓದಿದವರಿಗೆ ಏನಾಯಿತು ಅಂತ ತಿಳಿಯುತ್ತಾ? ಅದನ್ನೇ ಹೀಗೆ ಬರೆಯಬಹುದು:

"ತಾಲ್ಲೂಕಿನ 12 ಸರ್ಕಾರಿ ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಸ ಶೌಚಾಲಯ ಕಟ್ಟಲಾಗಿದೆ. ಸೋಮವಾರದಿಂದ ಬಳಕೆಗೆ ಸಿಗಲಿವೆ. ನೀರು ಮತ್ತು ಸ್ವಚ್ಛತೆಯ ಖರ್ಚನ್ನು ಮೂರು ವರ್ಷ ಕಂಪನಿಯೇ ಭರಿಸಲಿದೆ."

ಎರಡನೆಯದನ್ನು ಬರೆಯಬೇಕಾದರೆ ನೀವು ಒಳಗೆ ಹೋಗಿ ಕೇಳಲೇಬೇಕು: ಎಷ್ಟು ಶಾಲೆ? ನೀರಿನ ಸಂಪರ್ಕ ಕೊಟ್ಟಿದ್ದಾರಾ? ಆಮೇಲೆ ತೊಳೆಯುವವರು ಯಾರು? ಮೊದಲನೆಯದಕ್ಕೆ ಏನನ್ನೂ ಕೇಳಬೇಕಾಗಿಲ್ಲ. ದೊಡ್ಡ ಮಾತು ಬರೋದು ವಿಷಯ ಗೊತ್ತಿಲ್ಲದಾಗ. ಇನ್ನೊಂದು ವಿಷಯ: ಇಂಥ ಕೆಲಸವನ್ನು "ಉದಾರ ಕೊಡುಗೆ" ಅಂತ ಹೊಗಳಿಕೊಳ್ಳುವ ಮುಂಚೆ ನೆನಪಿಡಿ. ಕಂಪನಿ ಕಾಯ್ದೆ 2013ರ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಕಾನೂನು ಪಾಲಿಸಿದ್ದನ್ನು ದಾನ ಅನ್ನೋಕಾಗುತ್ತಾ? ಕೆಲಸ ಚೆನ್ನಾಗಿ ಆಗಿದ್ದರೆ ಆ ಕೆಲಸವನ್ನೇ ಹೇಳಿ, ಸಾಕು.

ಇನ್ನು ಕೆಲವು ಚಿಲ್ಲರೆ ಸಂಗತಿ. ಪುಸ್ತಕದಲ್ಲಿ ಸಿಗಲ್ಲ, ಆದರೆ ಇವುಗಳಿಂದಲೇ ಡೆಸ್ಕ್‌ನವರು ನಿಮ್ಮನ್ನು ನೆನಪಿಟ್ಟುಕೊಳ್ಳೋದು. ಪ್ರಕಟಣೆಯನ್ನು ಬರೀ ಪಿಡಿಎಫ್ ಮಾಡಿ ಕಳಿಸಬೇಡಿ. ಅವರು ಮತ್ತೆ ಕುಟ್ಟಬೇಕಾಗುತ್ತದೆ. ಯುನಿಕೋಡ್‌ನಲ್ಲಿ ಪಠ್ಯ ಕೊಡಿ, ನುಡಿ ಫಾಂಟ್ ಬಳಸುವ ಕಚೇರಿಯಾದರೆ ಕೇಳಿ ಅದರಲ್ಲೂ ಕೊಡಿ. ಫೋಟೊ ಜೊತೆ ಎಡದಿಂದ ಬಲಕ್ಕೆ ಯಾರ್ಯಾರು ಅಂತ ಬರೆಯಿರಿ, ಹೆಸರಿನ ಕಾಗುಣಿತ ಎರಡು ಸಲ ನೋಡಿ. ಪ್ರೆಸ್ ಮೀಟ್ ಬೆಳಗ್ಗೆ ಹೊತ್ತಿಗೆ ಇಟ್ಟುಕೊಳ್ಳಿ. ಸಂಜೆ ಆರಕ್ಕೆ ಕರೆದರೆ ಜಿಲ್ಲಾ ಪುಟಗಳವರಿಗೆ ಕಷ್ಟ. "ಸಾರ್, ನಮ್ಮ ಸುದ್ದಿ ಯಾಕೆ ಬಂದಿಲ್ಲ?" ಅಂತ ಮಾರನೇ ದಿನ ಫೋನ್ ಮಾಡಿ ಪೀಡಿಸಬೇಡಿ. ಸುದ್ದಿ ಇರಲಿಲ್ಲ, ಅದಕ್ಕೇ ಬಂದಿಲ್ಲ.

ಬೆಂಕಿ ಬಿದ್ದ ದಿನ

ವರ್ಷದಲ್ಲಿ ಮುನ್ನೂರು ದಿನ ಹೀಗೇ ಹೋಗುತ್ತದೆ. ಆಮೇಲೆ ಒಂದು ದಿನ ಬೆಂಕಿ ಬೀಳುತ್ತದೆ. ನಿಮ್ಮ ಸಂಬಳದ ಲೆಕ್ಕ ತೀರೋದು ಆ ದಿನ.

ಕ್ಲಾಸಿನಲ್ಲಿ ಖಂಡಿತ ಬರುವ ಉದಾಹರಣೆ ಟೈಲೆನಾಲ್. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಸುತ್ತಮುತ್ತ ಈ ನೋವಿನ ಕ್ಯಾಪ್ಸೂಲ್ ನುಂಗಿದ 7 ಜನ ಸತ್ತರು. ಯಾರೋ ಅಂಗಡಿಯ ಬಾಟಲಿಗಳಿಗೆ ಸಯನೈಡ್ ಬೆರೆಸಿದ್ದರು. ಕಂಪನಿಯ ತಪ್ಪು ಇರಲಿಲ್ಲ. ಆದರೂ ಜಾನ್ಸನ್ ಆ್ಯಂಡ್ ಜಾನ್ಸನ್ ಕ್ಯಾಪ್ಸೂಲ್ ತಗೋಬೇಡಿ ಅಂತ ಜನರನ್ನು ಎಚ್ಚರಿಸಿ, ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ಪಡೆಯಿತು. 10 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು. ಕೆಲವೇ ವಾರಗಳಲ್ಲಿ ಯಾರಾದರೂ ಮುಟ್ಟಿದ್ದರೆ ಗೊತ್ತಾಗುವಂಥ ಹೊಸ ಪ್ಯಾಕಿಂಗ್ ತಂದಿತು, ಕಳೆದುಕೊಂಡ ಮಾರುಕಟ್ಟೆಯನ್ನು ಮತ್ತೆ ಗಳಿಸಿತು. ಕೊಂದವರು ಯಾರು ಅಂತ ಇವತ್ತಿಗೂ ರುಜುವಾತಾಗಿಲ್ಲ. "ತಪ್ಪು ಯಾರದು" ಅನ್ನುವ ಪ್ರಶ್ನೆಗೆ ಉತ್ತರ ಸಿಗೋ ತನಕ ಕಾದಿದ್ದರೆ ಆ ಕಂಪನಿಯ ಕತೆ ಬೇರೆ ಆಗಿರುತ್ತಿತ್ತು. "ಜನ ಈಗ ಏನು ಮಾಡಬೇಕು" ಅನ್ನುವ ಪ್ರಶ್ನೆಗೆ ಅವರು ಮೊದಲು ಉತ್ತರ ಕೊಟ್ಟರು.

ನಮ್ಮ ದೇಶಕ್ಕೆ ಬನ್ನಿ. 2003ರ ಅಕ್ಟೋಬರ್, ದೀಪಾವಳಿ ಸಮಯ. ಮುಂಬೈಯಲ್ಲಿ ಕ್ಯಾಡ್ಬರಿ ಡೈರಿ ಮಿಲ್ಕ್‌ನಲ್ಲಿ ಹುಳು ಸಿಕ್ಕಿದೆ ಅಂತ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಹೇಳಿತು. ಅಂಗಡಿಯವರು ಸರಿಯಾಗಿ ಇಟ್ಟಿರಲಿಲ್ಲ ಅನ್ನುವುದು ಕಂಪನಿಯ ಮೊದಲ ಉತ್ತರ. ತಾಂತ್ರಿಕವಾಗಿ ಅದು ಸರಿ ಇರಬಹುದು. ಆದರೆ ಮಗುವಿನ ಕೈಗೆ ಚಾಕೊಲೇಟ್ ಕೊಟ್ಟ ಅಮ್ಮನಿಗೆ ಅಂಗಡಿಯವನ ಕತೆ ಯಾಕೆ ಬೇಕು? ವ್ಯಾಪಾರ ಕುಸಿಯಿತು. ಆಮೇಲೆ ಕಂಪನಿ ಅಂಗಡಿಯವರಿಗೆ ತಿಳಿವಳಿಕೆ ಕೊಡಲು 'ವಿಶ್ವಾಸ್' ಅನ್ನುವ ಕಾರ್ಯಕ್ರಮ ಮಾಡಿತು, 2004ರ ಶುರುವಿನಲ್ಲಿ ಭದ್ರವಾದ ಹೊಸ ಪ್ಯಾಕಿಂಗ್ ತಂದಿತು, ಅಮಿತಾಭ್ ಬಚ್ಚನ್ ಅವರನ್ನು ಕರೆತಂದಿತು. ಎಲ್ಲರಿಗೂ ನೆನಪಿರೋದು ಬಚ್ಚನ್. ಕಾಗದ ಬದಲಾಗದೆ ಬಚ್ಚನ್ ಒಬ್ಬರೇ ಬಂದಿದ್ದರೆ ಆಗುತ್ತಿತ್ತಾ, ಯೋಚಿಸಿ.

ಮೂರನೆಯದು ಮ್ಯಾಗಿ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಒಂದು ಮಾದರಿಯ ಪರೀಕ್ಷೆಯಿಂದ ಶುರು. ಸೀಸದ ಮಿತಿ 2.5 ಪಿಪಿಎಂ, ಆ ವರದಿಯಲ್ಲಿ 17.2 ಬಂದಿತ್ತು. 2015ರ ಜೂನ್ 5ಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಆದೇಶಿಸಿತು. ಸ್ವಿಟ್ಜರ್ಲೆಂಡ್‌ನಿಂದ ನೆಸ್ಲೆ ಮುಖ್ಯಸ್ಥರು ದೆಹಲಿಗೆ ಬಂದು ಪತ್ರಿಕಾಗೋಷ್ಠಿ ಮಾಡಿದರು. ಅಷ್ಟೊತ್ತಿಗೆ ಟೀವಿಗಳಲ್ಲಿ ದಿನಗಟ್ಟಲೆ ಚರ್ಚೆ ನಡೆದುಹೋಗಿತ್ತು. ಸಾವಿರಾರು ಟನ್ ನೂಡಲ್ಸ್ ವಾಪಸ್ ತಂದು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟರು. ಮೈಸೂರು ಪಕ್ಕದ ನಂಜನಗೂಡಿನ ಕಾರ್ಖಾನೆಯಲ್ಲೂ ಮ್ಯಾಗಿ ತಯಾರಿ ನಿಂತಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿ ಮರುಪರೀಕ್ಷೆಗೆ ಹೇಳಿತು, ಆ ಪರೀಕ್ಷೆಗಳಲ್ಲಿ ಪಾಸಾಯಿತು, ನವೆಂಬರ್‌ನಲ್ಲಿ ಅಂಗಡಿಗೆ ಮರಳಿತು. ಅಂದರೆ ಕೊನೆಗೆ ಕಂಪನಿ ಗೆದ್ದಿತು. ಆದರೆ ನಡುವಿನ ಐದು ತಿಂಗಳು? ಜನ ಕೇಳಿದ್ದು "ನನ್ನ ಮಗುವಿಗೆ ಕೊಡಬಹುದಾ?" ಅಂತ. ಕಂಪನಿ ಮೊದಮೊದಲು ಕೊಟ್ಟದ್ದು ಪ್ರಯೋಗಾಲಯದ ಭಾಷೆಯ ಉತ್ತರ. ಸರಿ ಇರುವುದು ಒಂದು, ಸರಿ ಇದ್ದೇವೆ ಅಂತ ಜನಕ್ಕೆ ಅರ್ಥವಾಗುವ ಮಾತಿನಲ್ಲಿ, ಹೊತ್ತಿಗೆ ಸರಿಯಾಗಿ ಹೇಳುವುದು ಇನ್ನೊಂದು. ಎರಡನೆಯದೇ ನಿಮ್ಮ ಕೆಲಸ.

ಹಾಗಾದರೆ ಮೊದಲ ಗಂಟೆಯಲ್ಲಿ ಏನು ಹೇಳಬೇಕು? ನಾಲ್ಕು ಸಾಲು ಸಾಕು. ನಮಗೆ ಇಷ್ಟು ಗೊತ್ತಾಗಿದೆ. ಇಷ್ಟು ಇನ್ನೂ ಗೊತ್ತಿಲ್ಲ. ಈಗ ಇದನ್ನು ಮಾಡುತ್ತಿದ್ದೇವೆ, ನೀವು ಇದನ್ನು ಮಾಡಿ. ಮುಂದಿನ ಮಾಹಿತಿ ಸಂಜೆ ಐದಕ್ಕೆ ಕೊಡುತ್ತೇವೆ. ಐದಕ್ಕೆ ಹೊಸದೇನೂ ಇಲ್ಲದಿದ್ದರೂ ಐದಕ್ಕೆ ಬಂದು "ಹೊಸದೇನೂ ಇಲ್ಲ" ಅಂತ ಹೇಳಬೇಕು. ಯಾರೂ ಕೇಳದ ಆರೋಪವನ್ನು ಮಾತ್ರ ನೀವೇ ಎತ್ತಿ ನಿರಾಕರಿಸಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ಆಗುತ್ತೆ.

ಒಳಗೆ ಕೇಳುವ ಧೈರ್ಯ

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ತಂಡಕ್ಕೆ ಒಂದು ಕಾರ್ಖಾನೆಯ ಹೇಳಿಕೆ ತಯಾರಿಸುವ ಕೆಲಸ ಬಂತು. ಪಕ್ಕದ ಹಳ್ಳಿಯವರು ಬಾವಿ ನೀರು ಕೆಟ್ಟಿದೆ ಅಂತ ದೂರು ಕೊಟ್ಟಿದ್ದರು. "ನಮ್ಮ ಘಟಕದಿಂದ ಯಾವುದೇ ಮಾಲಿನ್ಯ ಆಗಿಲ್ಲ" ಅಂತ ಒಂದು ಸಾಲು ಮೇಲಿನಿಂದಲೇ ಬರೆದು ಬಂದಿತ್ತು, ನಾವು ಕನ್ನಡಕ್ಕೆ ತಂದು ಕಳಿಸಬೇಕಿತ್ತು. ತಂಡದಲ್ಲಿ ಸೇರಿ ಐದು ತಿಂಗಳಾಗಿದ್ದ, ಅರಸೀಕೆರೆ ಕಡೆಯ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಮೇಡಂ, ನೀರು ಟೆಸ್ಟ್ ಮಾಡ್ಸಿರೋದು ಯಾವಾಗ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಫೋನ್ ಮೇಲೆ ಫೋನ್ ಮಾಡಿದಾಗ ಗೊತ್ತಾಯಿತು, ಹಿಂದಿನ ವರ್ಷದ ಮೇಲೆ ಮಾಡಿಸಿಯೇ ಇಲ್ಲ. ಕಾರ್ಖಾನೆಯ ಮ್ಯಾನೇಜರ್ ಸಿಟ್ಟಾದರು. "ಅನುವಾದ ಮಾಡಿ ಅಂದ್ರೆ ತನಿಖೆ ಮಾಡ್ತೀರಲ್ರೀ" ಅಂದರು. ಕೊನೆಗೆ ಹೋದ ಹೇಳಿಕೆ ಇದು: "ಐದು ಬಾವಿಗಳ ನೀರಿನ ಮಾದರಿಯನ್ನು ಇಂದು ಪರೀಕ್ಷೆಗೆ ಕಳಿಸಿದ್ದೇವೆ. ವರದಿ ಬಂದ ದಿನವೇ ಪಂಚಾಯಿತಿಗೆ ಕೊಡುತ್ತೇವೆ. ಅಲ್ಲಿಯವರೆಗೆ ಕುಡಿಯುವ ನೀರಿನ ಟ್ಯಾಂಕರ್ ದಿನಕ್ಕೆ ಎರಡು ಬಾರಿ ಬರುತ್ತದೆ." ವರದಿ ಬಂದಾಗ ಎರಡು ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಅಂತಿತ್ತು. ಮೊದಲ ಸಾಲು ಹೋಗಿದ್ದರೆ? ಊರಿನವರು ಅದೇ ನೀರು ಕುಡಿಯುತ್ತಿದ್ದರು. ಕಂಪನಿಯ ಹೆಸರಿನ ಮಾತು ಆಮೇಲಿನದು.

ಆ ಹುಡುಗಿ ಯಾರ ಜೊತೆಗೂ ಜಗಳ ಆಡಲಿಲ್ಲ, ನೀತಿಪಾಠ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಹೊರಗೆ ಮಾತಾಡುವ ಮುಂಚೆ ಒಳಗೆ ಕೇಳುವುದು, ಇದೇ ನಾನು ಮೊದಲು ಹೇಳಿದ ಕಾಣದ ಭಾಗ.

ನೌಕರರ ವಿಷಯದಲ್ಲೂ ಅಷ್ಟೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಲೇಆಫ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2020ರ ಮೇ ತಿಂಗಳಲ್ಲಿ ಏರ್‌ಬಿಎನ್‌ಬಿ ಸುಮಾರು 1,900 ಜನರನ್ನು, ಅಂದರೆ ನಾಲ್ಕರಲ್ಲಿ ಒಬ್ಬರನ್ನು ತೆಗೆಯಿತು. ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ಪತ್ರದಲ್ಲಿ ಯಾಕೆ, ಎಷ್ಟು ಜನ, ಎಷ್ಟು ವಾರದ ಸಂಬಳ, ಆರೋಗ್ಯ ವಿಮೆ ಎಲ್ಲಿಯವರೆಗೆ, ಲ್ಯಾಪ್‌ಟಾಪ್ ಏನು ಮಾಡಬೇಕು ಎಲ್ಲ ಸ್ಪಷ್ಟವಾಗಿತ್ತು. ಕೆಲಸ ಹೋದ ನೋವು ಪತ್ರದಿಂದ ಹೋಗಲ್ಲ, ಆದರೆ ಅವಮಾನ ಆಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಟರ್ ಡಾಟ್ ಕಾಮ್ ಅನ್ನುವ ಅಮೆರಿಕದ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್ ಒಂದು ಜೂಮ್ ಕಾಲ್‌ನಲ್ಲಿ ಸುಮಾರು 900 ಜನರಿಗೆ "ನೀವು ಈ ಕಾಲ್‌ನಲ್ಲಿದ್ದರೆ ನಿಮ್ಮ ಕೆಲಸ ಹೋಯಿತು" ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ವಿಡಿಯೊ ಲೋಕಕ್ಕೆಲ್ಲ ಹಬ್ಬಿತು. ಆಮೇಲೆ ಅಲ್ಲಿನ ಸಂವಹನ ವಿಭಾಗದ ಹಿರಿಯರೇ ರಾಜೀನಾಮೆ ಕೊಟ್ಟು ಹೊರನಡೆದರು. ತೀರ್ಮಾನ ಎರಡು ಕಡೆಯೂ ಒಂದೇ. ಹೇಳಿದ ರೀತಿಯೇ ಬೇರೆ.

ದಾಟಬಾರದ ಗೆರೆ

ಷೇರುಪೇಟೆಯಲ್ಲಿರುವ ಕಂಪನಿಗೆ ಸೇರಿದರೆ ಮೊದಲ ದಿನವೇ ಒಂದು ಎಚ್ಚರ. ಸೆಬಿಯ 2015ರ ನಿಯಮಗಳ ಪ್ರಕಾರ ಷೇರಿನ ಬೆಲೆ ಮೇಲೆ ಪರಿಣಾಮ ಬೀರುವ ದೊಡ್ಡ ಸಂಗತಿಯನ್ನು ಷೇರುಪೇಟೆಗೆ ತಿಳಿಸಬೇಕು, ಅದೂ ನಿಗದಿತ ಸಮಯದೊಳಗೆ. ಆಮೇಲೆ ಉಳಿದವರಿಗೆ. ಫಲಿತಾಂಶದ ಪ್ರಕಟಣೆ ಟೈಪ್ ಮಾಡುವವರು ನೀವೇ ಆದ್ದರಿಂದ ಲಾಭವೋ ನಷ್ಟವೋ ನಿಮಗೆ ಮೊದಲೇ ಗೊತ್ತಿರುತ್ತದೆ. "ಮಾವ, ನಾಳೆ ನಮ್ಮ ಕಂಪನಿ ಷೇರು ತಗೊಳ್ಳಿ" ಅಂತ ಫ್ಯಾಮಿಲಿ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿದರೂ ಅದು ಇನ್‌ಸೈಡರ್ ಟ್ರೇಡಿಂಗ್ ಕಾನೂನಿನ ಕೆಳಗೆ ಬರುವ ಅಪರಾಧ. ಮಾವನಿಗೂ ಕಷ್ಟ, ನಿಮಗೂ ಕಷ್ಟ.

ದುಡ್ಡು ಕೊಟ್ಟು ಸುದ್ದಿಯ ವೇಷದಲ್ಲಿ ಜಾಹೀರಾತು ಹಾಕಿಸುವ 'ಕಾಸಿಗಾಗಿ ಸುದ್ದಿ' ಇನ್ನೊಂದು ಗೆರೆ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ಇದರ ಬಗ್ಗೆ ವರದಿ ಕೊಟ್ಟಿದೆ. ಇನ್‌ಫ್ಲುಯೆನ್ಸರ್‌ಗಳ ವಿಷಯದಲ್ಲೂ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಇದೆ: ದುಡ್ಡೋ ವಸ್ತುವೋ ಪಡೆದು ಹಾಕಿದ ಪೋಸ್ಟ್ ಮೇಲೆ ಜಾಹೀರಾತು ಅಂತ ಕಾಣುವ ಹಾಗೆ ಬರೆಯಬೇಕು. 1929ರ ಆ ಪಂಜುಗಳ ಮೇಲೆ ಅಂಥದ್ದೊಂದು ಚೀಟಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ.

ಗೆರೆ ದಾಟಿದರೆ ಏನಾಗುತ್ತೆ? ಲಂಡನ್ನಿನ ಬೆಲ್ ಪಾಟಿಂಜರ್ ಹೆಸರಾಂತ ಪಿಆರ್ ಸಂಸ್ಥೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ, ಮೂಲತಃ ಉತ್ತರ ಪ್ರದೇಶದ ಗುಪ್ತಾ ಕುಟುಂಬದ ಕಂಪನಿಗಾಗಿ ಅದು ನಡೆಸಿದ ಪ್ರಚಾರ ಅಲ್ಲಿ ಬಿಳಿಯರು ಕರಿಯರ ನಡುವೆ ದ್ವೇಷ ಕೆದಕುವಂತಿತ್ತು ಅಂತ ಬ್ರಿಟನ್ನಿನ ಪಿಆರ್ ವೃತ್ತಿ ಸಂಘವೇ ತೀರ್ಮಾನಿಸಿ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೆಲವೇ ದಿನಗಳಲ್ಲಿ ಸಂಸ್ಥೆ ಮುಳುಗಿತು. ಬೇರೆಯವರ ಹೆಸರು ಕಾಪಾಡುವ ಅಂಗಡಿ ತನ್ನ ಹೆಸರು ಕಾಪಾಡಿಕೊಳ್ಳಲಾಗಲಿಲ್ಲ.

ಈ ತಿಂಗಳಿಂದಲೇ ಶುರು ಮಾಡಿ

ಕೋರ್ಸ್ ಮುಗಿಯೋ ತನಕ ಕಾಯಬೇಡಿ. ದಿನಕ್ಕೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ಓದಿ. ಒಂದೇ ಸುದ್ದಿ ಎರಡರಲ್ಲೂ ಹೇಗೆ ಬಂದಿದೆ ನೋಡಿ. ನಿಮ್ಮ ಕಾಲೇಜಿನ ಯಾವುದೇ ಕಾರ್ಯಕ್ರಮದ ಬಗ್ಗೆ 150 ಪದದ ಪ್ರಕಟಣೆಯನ್ನು ಎರಡೂ ಭಾಷೆಯಲ್ಲಿ ಬರೆಯಿರಿ, ಅನುವಾದ ಮಾಡದೆ ಬೇರೆ ಬೇರೆಯಾಗಿ. ಒಂದು ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ, ಲಾಭ ನಷ್ಟದ ಪಟ್ಟಿ ಓದೋದು ಕಲಿಯಿರಿ; ಲೆಕ್ಕ ಗೊತ್ತಿಲ್ಲದ ಪಿಆರ್ ವ್ಯಕ್ತಿಗೆ ಒಳಗಿನವರು ಏನು ಬೇಕಾದರೂ ಹೇಳಿ ಕಳಿಸಬಹುದು. ಒಬ್ಬ ವರದಿಗಾರರ ಜೊತೆ ಒಂದು ದಿನ ಓಡಾಡಿ, ಅವರ ಇನ್‌ಬಾಕ್ಸಿಗೆ ದಿನಕ್ಕೆ ಎಷ್ಟು ಪ್ರಕಟಣೆ ಬರುತ್ತವೆ, ಎಷ್ಟನ್ನು ತೆರೆಯುತ್ತಾರೆ ಕೇಳಿ. ಜಂಬ ಅರ್ಧ ಇಳಿಯುತ್ತದೆ.

ಇನ್ನೊಂದು ಪ್ರಶ್ನೆಯನ್ನು ಹಲವರು ಮೆಲ್ಲಗೆ ಕೇಳುತ್ತಾರೆ: "ಬಾಸ್ ಸುಳ್ಳು ಬರಿ ಅಂದ್ರೆ?" ಎದುರು ನಿಂತು ಭಾಷಣ ಮಾಡಬೇಕಿಲ್ಲ, ಮೊದಲ ದಿನವೇ ರಾಜೀನಾಮೆ ಬಿಸಾಕಬೇಕಿಲ್ಲ. ಮನೆಯಲ್ಲಿ ಇಎಂಐ ಇರುತ್ತೆ, ತಂಗಿಯ ಫೀಸ್ ಇರುತ್ತೆ, ನನಗೂ ಗೊತ್ತು. ಮೂರು ಮಾತು ಕಲಿತಿಟ್ಟುಕೊಳ್ಳಿ. "ಸಾರ್, ಈ ಅಂಕಿಗೆ ದಾಖಲೆ ಇದ್ದರೆ ಕಳಿಸ್ತೀರಾ?" "ನಾಳೆ ಇದು ಸುಳ್ಳು ಅಂತ ಗೊತ್ತಾದ್ರೆ ನಾವು ಏನು ಹೇಳೋದು?" "ಇದನ್ನ ಹೇಳದೇ ಇರಬಹುದು ಸಾರ್, ಸುಳ್ಳು ಮಾಡಿ ಹೇಳೋದು ಬೇಡ." ಬಹಳ ಸಲ ಇಷ್ಟರಲ್ಲೇ ಮುಗಿಯುತ್ತದೆ, ಯಾಕೆಂದರೆ ಎದುರಿಗಿರುವವರಿಗೂ ಬೇಕಾಗಿರುವುದು ಹೊರಬರುವ ದಾರಿ. ಕೇಳಿದ್ದನ್ನು ಮೇಲ್‌ನಲ್ಲಿ ಬರೆದಿಡಿ. ಮತ್ತೆ ಮತ್ತೆ ಅದೇ ಆದರೆ, ಕೆಲಸ ಹುಡುಕುತ್ತಾ ಇರಿ. ಕಂಪನಿಗಳು ಬದಲಾಗುತ್ತವೆ, ಆದರೆ ಊರಿನ ವರದಿಗಾರರೂ, ಡೆಸ್ಕ್‌ನವರೂ, ನಿಮ್ಮ ಹೆಸರೂ ಅದೇ ಇರುತ್ತವೆ.

ಸಂಬಳ, ಡೆಸಿಗ್ನೇಶನ್, ಏಜೆನ್ಸಿಯಾ ಕಂಪನಿಯಾ ಅನ್ನೋದೆಲ್ಲ ಮುಂದೆ ತಾನಾಗಿ ಗೊತ್ತಾಗುತ್ತೆ. ಕಾರ್ಡಿನ ಮೇಲಿನ ಲೋಗೋ ಯಾರದ್ದೇ ಇರಲಿ, ಫೋನ್ ಎತ್ತಿದ ಕಡೆಯವರು ಕೇಳಿಸಿಕೊಳ್ಳೋದು ನಿಮ್ಮ ದನಿಯನ್ನು. ಅದನ್ನು ಅಡಿಕೆಗೆ ಮಾರಬೇಡಿ.